ಇಂಗ್ಲೆಂಡಿನಲ್ಲಿ ಡೀಲರ್‌ನಿಂದ ಕೊಂಡ ಹಳೆಯ ಕಾರು ಹನ್ನೆರಡನೆಯ ದಿನವೇ ಕೆಟ್ಟಿದೆ: ಹಿಂದಿರುಗಿಸಲು ಬರುತ್ತದೆಯೇ?

ಪ್ರಶ್ನೆ (ಸ್ಲೌ)

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವನು. ಸ್ಲೌಗೆ ಬಂದು ಹತ್ತು ತಿಂಗಳಾಯಿತು. ಮಗಳ ಶಾಲೆ ಒಂದು ದಿಕ್ಕಿಗೆ, ನನ್ನ ಕಚೇರಿ ಇನ್ನೊಂದು ದಿಕ್ಕಿಗೆ ಇರುವುದರಿಂದ ಕಾರಿಲ್ಲದೆ ನಡೆಯದು ಎಂದು ತೀರ್ಮಾನಿಸಿ, ಬರ್ಮಿಂಗ್‌ಹ್ಯಾಮ್ ಸಮೀಪದ ಒಬ್ಬ ಡೀಲರ್‌ನಿಂದ 2017ರ ಡೀಸೆಲ್ ಕಾರೊಂದನ್ನು 7,995 ಪೌಂಡಿಗೆ ಕೊಂಡೆ. ಜಾಹೀರಾತು ನೋಡಿ 500 ಪೌಂಡ್ ಮುಂಗಡವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದೆ. ಆ ಶನಿವಾರ ರೈಲಿನಲ್ಲಿ ಹೋಗಿ, ಅವರ ಅಂಗಡಿಯ ಸುತ್ತಲಿನ ರಸ್ತೆಯಲ್ಲಿ ಎರಡು ಸುತ್ತು ಓಡಿಸಿ ನೋಡಿ, ಉಳಿದ ಹಣವನ್ನು ಬ್ಯಾಂಕಿನಿಂದ ವರ್ಗಾಯಿಸಿ, ಅದೇ ಕಾರಿನಲ್ಲಿ ಮನೆಗೆ ಬಂದೆ. ಹನ್ನೆರಡು ತಿಂಗಳ ಎಂಒಟಿ (ಇಲ್ಲಿನ ಕಡ್ಡಾಯ ವಾಹನ ಪರೀಕ್ಷೆ) ಇದೆ, ಎಂಜಿನ್ ಸುಸ್ಥಿತಿಯಲ್ಲಿದೆ ಎಂದು ಜಾಹೀರಾತಿನಲ್ಲಿತ್ತು. ಎಂಒಟಿ ಆಗಿದೆಯೆಂದ ಮೇಲೆ ಸರ್ಕಾರವೇ ಪರೀಕ್ಷಿಸಿ ಒಪ್ಪಿದಂತೆ ಎಂದು ನಾನು ನಂಬಿಕೊಂಡಿದ್ದೆ.

ಹನ್ನೆರಡನೆಯ ದಿನ ಎಂ4 ಹೆದ್ದಾರಿಯಲ್ಲಿ ಹೋಗುತ್ತಿದ್ದಾಗ ಎಂಜಿನ್ನಿನ ಹಳದಿ ದೀಪ ಹೊತ್ತಿಕೊಂಡಿತು, ಅದರ ಹಿಂದೆಯೇ ಕಾರಿನ ಕಸುವು ಇಳಿಯಿತು. ಆಕ್ಸಿಲರೇಟರನ್ನು ಎಷ್ಟು ಒತ್ತಿದರೂ ನಲವತ್ತು ಮೈಲಿಯ ವೇಗ ದಾಟಲಿಲ್ಲ. ಮುಂದಿನ ಜಂಕ್ಷನ್‌ನಲ್ಲಿ ಇಳಿದು ಬ್ರೇಕ್‌ಡೌನ್ ಸೇವೆಯವರನ್ನು ಕರೆಸಿದೆ. ಅವರು ಯಂತ್ರ ಜೋಡಿಸಿ ಪಿ2463 ಎಂಬ ಕೋಡ್ ಓದಿ, ಹೊಗೆಯ ಮಸಿಯನ್ನು ಹಿಡಿಯುವ ಡಿಪಿಎಫ್ ಫಿಲ್ಟರ್ ಕಟ್ಟಿಕೊಂಡಿದೆ ಎಂದು ಚೀಟಿ ಬರೆದುಕೊಟ್ಟರು. ಹತ್ತಿರದ ಗ್ಯಾರೇಜಿನವರು ಫಿಲ್ಟರ್ ಬದಲಿಸಲು 1,600 ಪೌಂಡ್ ಆಗಬಹುದು ಎನ್ನುತ್ತಿದ್ದಾರೆ.

ಡೀಲರ್‌ಗೆ ಫೋನ್ ಮಾಡಿದರೆ, ಹಳೆಯ ಕಾರೆಂದ ಮೇಲೆ ಇದೆಲ್ಲ ಇದ್ದದ್ದೇ, ಬೇಕಿದ್ದರೆ ವಾರಂಟಿ ಕಂಪನಿಯನ್ನು ಕೇಳಿ ಎಂದರು. ವಾರಂಟಿಯವರು ಅದು ಸವೆಯುವ ಭಾಗ, ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಬಿಲ್ಲನ್ನು ತೆಗೆದು ನೋಡಿದರೆ ಕೆಳಗೆ ಸಣ್ಣ ಅಕ್ಷರದಲ್ಲಿ 'ಟ್ರೇಡ್ ಸೇಲ್, ಇದ್ದ ಸ್ಥಿತಿಯಲ್ಲಿಯೇ ಮಾರಲಾಗಿದೆ, ಹಣ ವಾಪಸ್ ಇಲ್ಲ' ಎಂದು ಅಚ್ಚಾಗಿದೆ, ಅದರ ಪಕ್ಕದಲ್ಲಿಯೇ ನನ್ನ ಸಹಿಯೂ ಇದೆ. ಇಂದಿಗೆ ಕಾರು ಕೊಂಡು ಹತ್ತೊಂಬತ್ತು ದಿನ. ಸಹಿ ಹಾಕಿಯಾದ ಮೇಲೆ ಇನ್ನೇನಾದರೂ ದಾರಿಯಿದೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1 (ಲೆಸ್ಟರ್)

ದಾರಿಯಿದೆ, ಆದರೆ ಅದಕ್ಕೆ ದಿನಗಳ ಗಡುವಿದೆ. ಆದ್ದರಿಂದ ಇದನ್ನು ಓದಿದ ಕೂಡಲೇ ಕೆಲಸಕ್ಕೆ ತೊಡಗಿ.

ಇಲ್ಲಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ ವ್ಯಾಪಾರಿಯೊಬ್ಬ ಗ್ರಾಹಕನಿಗೆ ಮಾರಿದ ವಸ್ತು, ಅದು ಹಳೆಯದೇ ಆಗಿರಲಿ, ತೃಪ್ತಿಕರ ಗುಣಮಟ್ಟದ್ದಾಗಿರಬೇಕು ಮತ್ತು ವರ್ಣಿಸಿದ ಹಾಗೆಯೇ ಇರಬೇಕು. ಹಳೆಯ ಕಾರಿನ ಗುಣಮಟ್ಟವನ್ನು ಅಳೆಯುವಾಗ ಅದರ ವಯಸ್ಸು, ಓಡಿದ ದೂರ, ಕೊಟ್ಟ ಬೆಲೆ ಮೂರನ್ನೂ ನೋಡುತ್ತಾರೆ. ಏಳೆಂಟು ನೂರು ಪೌಂಡಿನ ಕಾರಾಗಿದ್ದರೆ ನಿಮ್ಮ ವಾದ ಗಟ್ಟಿಯಾಗುತ್ತಿರಲಿಲ್ಲ. ಎಂಟು ಸಾವಿರ ಪೌಂಡ್ ಕೊಟ್ಟ ಕಾರು ಹನ್ನೆರಡು ದಿನಕ್ಕೆ ಹೆದ್ದಾರಿಯಲ್ಲಿ ಉಸಿರು ಕಟ್ಟಿ ನಿಲ್ಲುವುದನ್ನು 'ಇದ್ದದ್ದೇ' ಎಂದು ತಳ್ಳಿಹಾಕುವುದು ಸುಲಭವಲ್ಲ.

ಕಾರು ನಿಮ್ಮ ಕೈಸೇರಿದ ಮರುದಿನದಿಂದ ಎಣಿಸಿ ಮೂವತ್ತು ದಿನಗಳೊಳಗೆ, ಕೊಳ್ಳುವಾಗಲೇ ಇದ್ದ ದೋಷಕ್ಕಾಗಿ, ಅದನ್ನು ತಿರಸ್ಕರಿಸಿ ಪೂರ್ತಿ ಹಣ ಕೇಳುವ ಹಕ್ಕು ನಿಮಗಿದೆ. ಈ ಅವಧಿಯಲ್ಲಿ ವ್ಯಾಪಾರಿಗೆ ರಿಪೇರಿಯ ಅವಕಾಶ ಕೊಡಲೇಬೇಕೆಂದು ಇಲ್ಲ. ಮೂವತ್ತು ದಿನ ದಾಟಿದರೆ ಮಾತ್ರ ಮೊದಲು ಒಂದು ಸಲ ರಿಪೇರಿಗೆ ಅಥವಾ ಬದಲಿ ವಾಹನಕ್ಕೆ ಅವಕಾಶ ಕೊಡಬೇಕಾಗುತ್ತದೆ. ಆ ಒಂದು ರಿಪೇರಿಯ ನಂತರವೂ ದೋಷ ಉಳಿದರೆ ಹಣ ಹಿಂದಕ್ಕೆ ಕೇಳಬಹುದು, ಅಥವಾ ಬೆಲೆ ಇಳಿಸಿಕೊಂಡು ಕಾರನ್ನು ಇಟ್ಟುಕೊಳ್ಳಬಹುದು.

ಬಿಲ್ಲಿನ ಆ ಸಾಲಿಗೆ ಹೆದರಬೇಡಿ. ಈ ಹಕ್ಕುಗಳನ್ನು ಒಪ್ಪಂದದ ಷರತ್ತಿನಿಂದ ಕಿತ್ತುಕೊಳ್ಳಲು ಬರುವುದಿಲ್ಲ ಎಂದು ಕಾಯ್ದೆಯ 31ನೆಯ ಸೆಕ್ಷನ್ ಹೇಳುತ್ತದೆ. 'ಟ್ರೇಡ್ ಸೇಲ್' ಎಂದರೆ ಒಬ್ಬ ವ್ಯಾಪಾರಿ ಇನ್ನೊಬ್ಬ ವ್ಯಾಪಾರಿಗೆ ಮಾರುವುದು. ಮಗಳನ್ನು ಶಾಲೆಗೆ ಬಿಡಲು ಕಾರು ಕೊಂಡ ನೀವು ಬಿಲ್ಲಿನಲ್ಲಿ ಹಾಗೆ ಬರೆದ ಮಾತ್ರಕ್ಕೆ ವ್ಯಾಪಾರಿಯಾಗುವುದಿಲ್ಲ, ಮತ್ತು ನೀವು ಗ್ರಾಹಕರಲ್ಲ ಎಂದು ಸಾಧಿಸುವ ಹೊಣೆ ಅವರದು. ವಾರಂಟಿ ಕಂಪನಿಯ ಉತ್ತರಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಅದು ಬೇರೊಂದು ಒಪ್ಪಂದ. ಡೀಲರ್‌ಗಳು ಗ್ರಾಹಕರನ್ನು ಅತ್ತ ಅಟ್ಟುವುದೇ ದಿನಗಳು ಕಳೆಯಲಿ ಎಂದು ಎನ್ನುವುದು ನನ್ನ ಅನುಮಾನ.

ಫೋನಿನಲ್ಲಿ ಮಾತನಾಡುವುದನ್ನು ಇಂದಿಗೆ ನಿಲ್ಲಿಸಿ. 'ಈ ಕಾರು ಕೊಂಡಾಗಲೇ ದೋಷಯುಕ್ತವಾಗಿತ್ತು, 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಅನ್ವಯ ಇದನ್ನು ತಿರಸ್ಕರಿಸುತ್ತಿದ್ದೇನೆ, ಪೂರ್ತಿ ಹಣವನ್ನು ಹಿಂದಿರುಗಿಸಿ, ಕಾರನ್ನು ಒಯ್ಯಲು ವ್ಯವಸ್ಥೆ ಮಾಡಿ' ಎಂಬ ಅರ್ಥ ಬರುವಂತೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಇಮೇಲ್ ಮಾಡಿ. ಅದರ ಪ್ರತಿಯನ್ನು ಸಹಿ ಪಡೆದು ತಲುಪಿಸುವ ಅಂಚೆಯಲ್ಲಿಯೂ ಕಳುಹಿಸಿ. 'ತಿರಸ್ಕರಿಸುತ್ತಿದ್ದೇನೆ' (reject) ಎಂಬ ಪದ ಇರಲೇಬೇಕು. ಬೇಸರ, ಸಿಟ್ಟು, ರೈಲಿನ ಖರ್ಚು ಇವೆಲ್ಲ ಆ ಪತ್ರದಲ್ಲಿ ಬೇಡ. ಪತ್ರ ಕಳುಹಿಸಿದ ಮೇಲೆ ಕಾರನ್ನು ಓಡಿಸಲೂ ಬೇಡಿ. ತಿರಸ್ಕರಿಸಿದೆ ಎಂದು ಹೇಳಿ ದಿನಾ ಅದರಲ್ಲಿಯೇ ಕಚೇರಿಗೆ ಹೋಗುವವನ ಮಾತನ್ನು ಯಾರೂ ಒಪ್ಪುವುದಿಲ್ಲ.

ಉತ್ತರ 2 (ಮಿಲ್ಟನ್ ಕೀನ್ಸ್)

ಲೆಸ್ಟರಿನವರು ಹೇಳಿದ್ದನ್ನು ಮಾಡದೆ ನಾನು ಕೈಸುಟ್ಟುಕೊಂಡ ಬಗೆಯನ್ನು ಹೇಳುತ್ತೇನೆ.

ಮೂರು ವರ್ಷದ ಹಿಂದೆ ನಾನು ಡೀಲರ್ ಒಬ್ಬರಿಂದ ಕೊಂಡ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎರಡನೆಯ ವಾರದಿಂದಲೇ ಜಗ್ಗತೊಡಗಿತು. ಡೀಲರ್ ಬಹಳ ವಿನಯದ ಮನುಷ್ಯ. 'ತಂದುಬಿಡಿ, ನಾವೇ ಸರಿಮಾಡಿಕೊಡುತ್ತೇವೆ' ಎಂದರು. ನಾನೂ ಸಂಕೋಚದಿಂದ ಆಗಲಿ ಎಂದೆ. ಕಾರು ಒಂಬತ್ತು ದಿನ ಅವರ ಬಳಿ ಇತ್ತು, ಎಣ್ಣೆ ಬದಲಿಸಿದ್ದೇವೆ ಎಂದು ಮರಳಿ ಕೊಟ್ಟರು, ನಾಲ್ಕು ದಿನ ಚೆನ್ನಾಗಿ ಓಡಿ ಮತ್ತೆ ಜಗ್ಗತೊಡಗಿತು. ಮತ್ತೆ ಫೋನ್ ಮಾಡಿದಾಗ ಮುಂದಿನ ವಾರ ಬನ್ನಿ ಎಂದರು, ಆ ವಾರ ಮೆಕ್ಯಾನಿಕ್ ರಜೆ ಎಂದರು, ಹೀಗೆ ಎರಡು ತಿಂಗಳು ಹೋಯಿತು. ಒಪ್ಪಿ ರಿಪೇರಿಗೆ ಕೊಟ್ಟರೆ ಮೂವತ್ತು ದಿನಗಳ ಗಡಿಯಾರ ನಿಲ್ಲುತ್ತದೆ ಎಂದೂ, ಕಾರು ಮರಳಿ ಬಂದ ಮೇಲೆ ಉಳಿದ ದಿನಗಳು ಅಥವಾ ಏಳು ದಿನಗಳು, ಯಾವುದು ಹೆಚ್ಚೋ ಅಷ್ಟು ಕಾಲ ತಿರಸ್ಕರಿಸುವ ಹಕ್ಕು ಉಳಿದಿರುತ್ತದೆ ಎಂದೂ ನನಗೆ ಗೊತ್ತಾಗಿದ್ದು ಅದೂ ಕಳೆದುಹೋದ ಮೇಲೆ. ಮೊದಲ ಮಾತುಕತೆಯೆಲ್ಲ ಫೋನಿನಲ್ಲಿ ಆಗಿದ್ದರಿಂದ, ಕಾರನ್ನು ರಿಪೇರಿಗೆ ಕೊಟ್ಟಿದ್ದೇ ಇಲ್ಲ, ಎಣ್ಣೆ ಬದಲಿಸಲು ತಂದಿದ್ದರು ಎಂದು ಅವರು ಸಾಧಿಸಿದರು. ನನ್ನ ಬಳಿ ಒಂದು ಚೀಟಿಯೂ ಇರಲಿಲ್ಲ. ಕೊನೆಗೆ ಅದೇ ಕಾರನ್ನು 2,300 ಪೌಂಡ್ ನಷ್ಟಕ್ಕೆ ಮಾರಿದೆ.

ಊರಿನಲ್ಲಾಗಿದ್ದರೆ ಪರಿಚಯದ ಮೆಕ್ಯಾನಿಕ್ಕನ್ನು ಜೊತೆಗೆ ಕರೆದುಕೊಂಡು ಹೋಗದೆ ನಮ್ಮಲ್ಲಿ ಯಾರೂ ಹಳೆಯ ಗಾಡಿಗೆ ದುಡ್ಡು ಕೊಡುವುದಿಲ್ಲ. ಇಲ್ಲಿಗೆ ಬಂದ ಮೇಲೆ ಹೊಳೆಯುವ ಶೋರೂಮನ್ನೂ ಟೈ ಕಟ್ಟಿದವರನ್ನೂ ಕಂಡು ಆ ಬುದ್ಧಿಯನ್ನೇ ಬಿಟ್ಟುಬಿಡುತ್ತೇವೆ.

ಉತ್ತರ 3 (ಡರ್ಬಿ)

ನಾನು ಇಲ್ಲಿನ ಗ್ಯಾರೇಜೊಂದರಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕಾನೂನು ನನ್ನ ವಿಷಯವಲ್ಲ, ಆದರೆ ಡಿಪಿಎಫ್ ವಿಷಯದಲ್ಲಿ ಡೀಲರ್ ಏನು ವಾದಿಸುತ್ತಾರೆ ಎಂಬುದನ್ನು ನೀವು ಮೊದಲೇ ತಿಳಿದಿರುವುದು ಒಳ್ಳೆಯದು.

ಈ ಫಿಲ್ಟರ್ ಹೊಗೆಯಲ್ಲಿನ ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಗಾಗ ಸುಮಾರು 600 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಅದನ್ನು ಸುಟ್ಟು ತನ್ನನ್ನು ತಾನೇ ತೆರವು ಮಾಡಿಕೊಳ್ಳುತ್ತದೆ. ಆ ತಾಪ ಬರಬೇಕಾದರೆ ಎಂಜಿನ್ ಚೆನ್ನಾಗಿ ಬಿಸಿಯಾಗಿ, ಕಾರು ಹತ್ತು ಹದಿನೈದು ನಿಮಿಷ ಒಂದೇ ಸಮನೆ ವೇಗವಾಗಿ ಓಡಬೇಕು. ಬೆಳಿಗ್ಗೆ ಒಂದೂವರೆ ಮೈಲಿ ಶಾಲೆಗೆ, ಸಂಜೆ ಒಂದೂವರೆ ಮೈಲಿ ಮನೆಗೆ ಎಂದು ಓಡಿಸುವವರ ಡೀಸೆಲ್ ಕಾರಿನಲ್ಲಿ ಇದು ನಡೆಯುವುದೇ ಇಲ್ಲ, ಮಸಿ ಕೂಡುತ್ತಲೇ ಹೋಗುತ್ತದೆ. 'ನೀವು ಊರೊಳಗೇ ಓಡಿಸಿ ಕೆಡಿಸಿದ್ದೀರಿ' ಎಂದು ಅವರು ಹೇಳುವುದು ಖಂಡಿತ. ನಿಜ ಹೇಳಬೇಕೆಂದರೆ, ನಿಮ್ಮಂಥ ಬಳಕೆಗೆ ಡೀಸೆಲ್ ಕಾರನ್ನು ನಾನಾಗಿದ್ದರೆ ಸಲಹೆ ಮಾಡುತ್ತಿರಲಿಲ್ಲ.

ಆದರೆ ಹನ್ನೆರಡು ದಿನದಲ್ಲಿ, ಅದರಲ್ಲಿಯೂ ನೂರು ಮೈಲಿಗೂ ಹೆಚ್ಚು ಹೆದ್ದಾರಿಯಲ್ಲಿ ಮನೆಗೆ ಬಂದ ಮೇಲೆ, ಸುಸ್ಥಿತಿಯ ಫಿಲ್ಟರ್ ಹೀಗೆ ಕಟ್ಟಿಕೊಳ್ಳುವುದಿಲ್ಲ. ಒಂದೋ ಸುಟ್ಟರೂ ಹೋಗದ ಬೂದಿ ವರ್ಷಗಳಿಂದ ತುಂಬಿಕೊಂಡಿದೆ, ಇಲ್ಲವೇ ಥರ್ಮೋಸ್ಟಾಟ್, ಇಂಜೆಕ್ಟರ್ ಅಥವಾ ಒತ್ತಡ ಅಳೆಯುವ ಸೆನ್ಸರ್ ಕೆಟ್ಟು ಸುಡುವ ಕೆಲಸವೇ ನಡೆದಿಲ್ಲ.

ಇದನ್ನು ನೋಡಲು ಒಂದು ಉಪಾಯವಿದೆ. ದೋಷದ ಕೋಡ್‌ಗಳನ್ನು ಕೊನೆಯ ಬಾರಿ ಅಳಿಸಿದ ಮೇಲೆ ಎಷ್ಟು ದೂರ ಓಡಿದೆ ಎಂಬ ಲೆಕ್ಕವನ್ನು ಕಾರಿನ ಕಂಪ್ಯೂಟರ್ ಇಟ್ಟಿರುತ್ತದೆ. ಒಳ್ಳೆಯ ಸ್ಕ್ಯಾನರ್ ಇರುವ ಯಾವ ಗ್ಯಾರೇಜಿನಲ್ಲಿಯಾದರೂ ಅದನ್ನು ಓದಿಸಿ, ಪರದೆಯ ಫೋಟೋ ತೆಗೆದುಕೊಳ್ಳಿ, ಬಿಲ್ಲಿನಲ್ಲಿ ಬರೆದ ಮೈಲಿಗೂ ಈಗಿನ ಮೈಲಿಗೂ ಇರುವ ವ್ಯತ್ಯಾಸದೊಡನೆ ಹೋಲಿಸಿ. ಎರಡೂ ಹತ್ತಿರ ಹತ್ತಿರವಿದ್ದರೆ ಮಾರುವ ಸ್ವಲ್ಪ ಮುನ್ನ ಯಾರೋ ಕೋಡ್ ಅಳಿಸಿರಬಹುದು ಎಂದರ್ಥ. ಕೆಲವು ಕಾರುಗಳಲ್ಲಿ ಬ್ಯಾಟರಿ ಕಳಚಿದರೂ ಈ ಲೆಕ್ಕ ಸೊನ್ನೆಯಾಗುವುದರಿಂದ ಇದೊಂದನ್ನೇ ಸಾಕ್ಷಿ ಎಂದು ನೆಚ್ಚಬೇಡಿ, ಗ್ಯಾರೇಜಿನ ಲಿಖಿತ ವರದಿಯೂ ಇರಲಿ. ಓದಿಸುವಾಗ ಯಾರೂ ಕೋಡ್‌ಗಳನ್ನು ಅಳಿಸದಂತೆ ನೋಡಿಕೊಳ್ಳಿ.

ಎಂಒಟಿ ಕುರಿತು ಒಂದು ಮಾತು. ಅದು ಆ ದಿನದ ಮಟ್ಟಿಗೆ ಕಾರು ರಸ್ತೆಗೆ ಸುರಕ್ಷಿತವೇ, ಹೊಗೆ ಮಿತಿಯೊಳಗಿದೆಯೇ ಎಂದು ನೋಡುವ ಪರೀಕ್ಷೆ. ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಇವುಗಳ ಸ್ಥಿತಿಯನ್ನು ಅದರಲ್ಲಿ ನೋಡುವುದೇ ಇಲ್ಲ. ಅದಕ್ಕಿಂತ ಉಪಯುಕ್ತವಾದದ್ದು ಎಂಒಟಿಯ ಚರಿತ್ರೆ: ಸರ್ಕಾರದ ಜಾಲತಾಣದಲ್ಲಿ ನಂಬರ್ ಪ್ಲೇಟಿನ ಸಂಖ್ಯೆ ಹಾಕಿದರೆ ಹಿಂದಿನ ಪರೀಕ್ಷೆಗಳಲ್ಲಿ ಏನೇನು ಬರೆದಿದ್ದರು, ಆಗ ಎಷ್ಟು ಮೈಲಿ ಓಡಿತ್ತು ಎಂಬುದೆಲ್ಲ ಬಿಟ್ಟಿಯಾಗಿ ಸಿಗುತ್ತದೆ.

ಪ್ರಶ್ನೆ ಕೇಳಿದವರು (ಸ್ಲೌ)

ಎಲ್ಲರಿಗೂ ಕೃತಜ್ಞತೆಗಳು. ಇಪ್ಪತ್ತನೆಯ ದಿನವೇ ಇಮೇಲ್ ಮತ್ತು ಅಂಚೆ ಎರಡರಲ್ಲಿಯೂ ಪತ್ರ ಕಳುಹಿಸಿದೆ. ಕಾರು ಅಂದಿನಿಂದ ಮನೆಯ ಮುಂದೆಯೇ ನಿಂತಿದೆ.

ಡರ್ಬಿಯವರು ಹೇಳಿದಂತೆ ಪತ್ರ ಬರೆಯುವ ದಿನ ಬೆಳಿಗ್ಗೆ ಓದಿಸಿದೆ. ಬಿಲ್ಲಿನಲ್ಲಿ ಬರೆದದ್ದು 71,204 ಮೈಲಿ, ಈಗ ಇರುವುದು 71,522. ಎಂದರೆ ನಾನು ಓಡಿಸಿದ್ದು 318 ಮೈಲಿ. ಕೋಡ್ ಅಳಿಸಿದ ಮೇಲೆ ಓಡಿದ ದೂರ 331 ಮೈಲಿ ಎಂದು ಪರದೆಯಲ್ಲಿ ಬಂದಿತು. ನಡುವಿನ ಹದಿಮೂರು ಮೈಲಿ ನನ್ನದಲ್ಲ. ಗ್ಯಾರೇಜಿನವರು ಫಿಲ್ಟರಿನಲ್ಲಿ ಬೂದಿಯ ಪ್ರಮಾಣ ಬಹಳ ಹೆಚ್ಚಿದೆ, ಇದು ಕೆಲವು ವಾರಗಳಲ್ಲಿ ಆಗುವಂಥದ್ದಲ್ಲ ಎಂದು ಬರೆದುಕೊಟ್ಟಿದ್ದಾರೆ.

ನಿನ್ನೆ ಡೀಲರ್ ಉತ್ತರ ಬರೆದಿದ್ದಾರೆ. ದೋಷವನ್ನು ಒಪ್ಪುವುದಿಲ್ಲ, ಆದರೂ 'ಸದ್ಭಾವನೆಯಿಂದ' ಕಾರನ್ನು ಹಿಂದಕ್ಕೆ ಪಡೆಯುತ್ತಾರಂತೆ. ಬಳಸಿದ್ದಕ್ಕಾಗಿ 600 ಪೌಂಡ್ ಮುರಿದುಕೊಳ್ಳುತ್ತಾರಂತೆ. ಕಾರನ್ನು ಬರ್ಮಿಂಗ್‌ಹ್ಯಾಮಿಗೆ ನನ್ನ ಖರ್ಚಿನಲ್ಲಿಯೇ ತಲುಪಿಸಬೇಕಂತೆ. ಇಷ್ಟಕ್ಕೆ ಒಪ್ಪಿ ಕೈತೊಳೆದುಕೊಳ್ಳುವುದು ಮೇಲೇ? ಮನೆಯವರು ಒಪ್ಪಿಬಿಡಿ ಎನ್ನುತ್ತಿದ್ದಾರೆ.

ಉತ್ತರ 4 (ಕ್ರಾಯ್ಡನ್)

ಒಪ್ಪಬೇಡಿ. ಬಳಕೆಗಾಗಿ ಹಣ ಮುರಿದುಕೊಳ್ಳುವ ಅವಕಾಶ ಕಾರುಗಳ ವಿಷಯದಲ್ಲಿ ಇದೆಯೆಂಬುದು ನಿಜ, ಆದರೆ ಅದು ಮೂವತ್ತು ದಿನ ಕಳೆದು, ರಿಪೇರಿ ವಿಫಲವಾದ ಮೇಲೆ ತಿರಸ್ಕರಿಸುವವರಿಗೆ ಅನ್ವಯಿಸುತ್ತದೆ. ಮೂವತ್ತು ದಿನದೊಳಗೆ ತಿರಸ್ಕರಿಸಿದವರಿಗೆ ಪೂರ್ತಿ ಹಣ ಕೊಡಬೇಕು. ಕಾರನ್ನು ಮರಳಿಸುವ ನ್ಯಾಯವಾದ ಖರ್ಚೂ ವ್ಯಾಪಾರಿಯದೇ. ಹಣ ಕೊಡಬೇಕಾಗಿದೆ ಎಂದು ಅವರು ಒಪ್ಪಿದ ದಿನದಿಂದ ಹದಿನಾಲ್ಕು ದಿನದೊಳಗೆ, ನೀವು ಕಟ್ಟಿದ ರೀತಿಯಲ್ಲಿಯೇ ಅದನ್ನು ಹಿಂದಿರುಗಿಸಬೇಕು.

ಮೊದಲ ಆರು ತಿಂಗಳಲ್ಲಿ ಕಂಡುಬಂದ ದೋಷ ಕೊಳ್ಳುವಾಗಲೇ ಇತ್ತೆಂದು ಭಾವಿಸುತ್ತಾರೆ, ಅಲ್ಲವೆಂದು ಡೀಲರೇ ತೋರಿಸಬೇಕು ಎಂದು ಹಲವರು ಹೇಳುವುದನ್ನು ಕೇಳಿರಬಹುದು. ಆ ಅನುಕೂಲ ರಿಪೇರಿ ಕೇಳುವವರಿಗೆ ಮತ್ತು ರಿಪೇರಿಯ ನಂತರ ತಿರಸ್ಕರಿಸುವವರಿಗೆ ಇದೆ. ಮೂವತ್ತು ದಿನದ ಹಕ್ಕನ್ನು ಚಲಾಯಿಸುವವರು ತಾವೇ ಸಾಕ್ಷಿ ತೋರಿಸಬೇಕು. ಆದ್ದರಿಂದಲೇ ನಿಮ್ಮ ಕೈಯಲ್ಲಿರುವ ಗ್ಯಾರೇಜಿನ ವರದಿ ಮತ್ತು ಆ 331 ಮೈಲಿಯ ಫೋಟೋ ಚಿನ್ನಕ್ಕೆ ಸಮ.

ನಿಮ್ಮ ಬಳಿ ಇನ್ನೂ ದೊಡ್ಡ ಅಸ್ತ್ರವೊಂದಿದೆ, ಅದನ್ನು ನೀವು ಗಮನಿಸಿದಂತಿಲ್ಲ. 500 ಪೌಂಡ್ ಮುಂಗಡವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದೀರಿ. ವಸ್ತುವಿನ ಬೆಲೆ 100 ಪೌಂಡಿಗಿಂತ ಹೆಚ್ಚು, 30,000 ಪೌಂಡಿಗೆ ಮೀರದ್ದು ಆಗಿದ್ದರೆ, 1974ರ ಗ್ರಾಹಕ ಸಾಲ ಕಾಯ್ದೆಯ 75ನೆಯ ಸೆಕ್ಷನ್ ಪ್ರಕಾರ ವ್ಯಾಪಾರಿಯಷ್ಟೇ ಹೊಣೆ ಕಾರ್ಡ್ ಕೊಟ್ಟ ಬ್ಯಾಂಕಿನದೂ ಆಗುತ್ತದೆ. ಬೆಲೆಯ ಒಂದು ಭಾಗವನ್ನಷ್ಟೇ ಕಾರ್ಡಿನಲ್ಲಿ ಕಟ್ಟಿದ್ದರೂ ಹೊಣೆ 500ಕ್ಕಲ್ಲ, ಪೂರ್ತಿ 7,995ಕ್ಕೆ. ಡೆಬಿಟ್ ಕಾರ್ಡಿಗೆ ಇದು ಇಲ್ಲ. ಡೀಲರ್ ಹಣ ಕೊಡದಿದ್ದರೆ ಬ್ಯಾಂಕಿನಿಂದ ಕೇಳುತ್ತೇನೆ ಎಂದು ಮುಂದಿನ ಇಮೇಲಿನಲ್ಲಿ ಒಂದು ಸಾಲು ಬರೆಯಿರಿ, ಬ್ಯಾಂಕಿಗೂ ಈಗಲೇ ಅರ್ಜಿ ಹಾಕಿ. ಬ್ಯಾಂಕ್ ದೂರನ್ನು ತಳ್ಳಿಹಾಕಿದರೆ ಅಥವಾ ಎಂಟು ವಾರ ಉತ್ತರಿಸದಿದ್ದರೆ ಬ್ಯಾಂಕುಗಳ ಮೇಲಿನ ದೂರುಗಳನ್ನು ತೀರ್ಮಾನಿಸುವ ಫೈನಾನ್ಷಿಯಲ್ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ಹೋಗಬಹುದು.

ಕೋರ್ಟಿನ ಮಾತು ಕೊನೆಗೆ ಇರಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 10,000 ಪೌಂಡಿನವರೆಗಿನ ಹಣದ ದಾವೆಯನ್ನು ವಕೀಲರಿಲ್ಲದೆ, ಸಣ್ಣ ದಾವೆಗಳ ದಾರಿಯಲ್ಲಿ ಹಾಕಬಹುದು. ಅದಕ್ಕೂ ಮೊದಲು, ಇಷ್ಟು ದಿನದೊಳಗೆ ಹಣ ಬಾರದಿದ್ದರೆ ದಾವೆ ಹೂಡುತ್ತೇನೆ ಎಂಬ ಪತ್ರವನ್ನು ಕಳುಹಿಸಬೇಕು. ಎಷ್ಟೋ ಡೀಲರ್‌ಗಳು ಆ ಪತ್ರಕ್ಕೇ ದಾರಿಗೆ ಬರುತ್ತಾರೆ.

ವಿಷಯಕ್ಕೆ ಸಂಬಂಧವಿಲ್ಲದ ಒಂದು ಮಾತು: ಬಂದು ಹತ್ತು ತಿಂಗಳಾಯಿತು ಎಂದಿದ್ದೀರಿ. ಇಲ್ಲಿ ನೆಲೆಸಿದವರು ಭಾರತದ ಲೈಸೆನ್ಸಿನಲ್ಲಿ ಓಡಿಸಬಹುದಾದದ್ದು ಹನ್ನೆರಡು ತಿಂಗಳು ಮಾತ್ರ. ಪರೀಕ್ಷೆಗೆ ದಿನಾಂಕ ಸಿಗುವುದೇ ಕಷ್ಟ, ಇಂದೇ ನೋಡಿ.

ಉತ್ತರ 5 (ಗ್ಲಾಸ್ಗೋ)

ಸ್ಕಾಟ್ಲೆಂಡಿನಲ್ಲಿ ಇರುವವರೂ ಓದುತ್ತಿರಬಹುದು, ಅವರಿಗಾಗಿ: ಗ್ರಾಹಕ ಹಕ್ಕುಗಳ ಕಾಯ್ದೆಯೂ 75ನೆಯ ಸೆಕ್ಷನ್ನೂ ಇಲ್ಲಿಗೂ ಅನ್ವಯಿಸುತ್ತವೆ, ಆದರೆ ಸಣ್ಣ ದಾವೆಯ ಮಿತಿ 5,000 ಪೌಂಡ್.

ಇನ್ನೊಂದು, ಕಾರನ್ನು ನೋಡದೆಯೇ ಅಂತರಜಾಲದಲ್ಲಿ ಪೂರ್ತಿ ವ್ಯವಹಾರ ಮುಗಿಸಿ ಮನೆಗೆ ತರಿಸಿಕೊಂಡವರಿಗೆ, ದೋಷವಿರಲಿ ಇಲ್ಲದಿರಲಿ, ಕಾರು ಬಂದ ಮೇಲೆ ಹದಿನಾಲ್ಕು ದಿನದೊಳಗೆ ಒಪ್ಪಂದವನ್ನೇ ರದ್ದು ಮಾಡುವ ಹಕ್ಕು ಬೇರೆಯೇ ಇದೆ. ಪ್ರಶ್ನೆ ಕೇಳಿದವರು ಅಲ್ಲಿಗೆ ಹೋಗಿ, ನೋಡಿ, ಅಲ್ಲಿಯೇ ಸಹಿ ಹಾಕಿದ್ದರಿಂದ ಅದು ಅವರಿಗೆ ಸಿಗದು. ಡೀಲರ್ ಅಲ್ಲದ ಖಾಸಗಿ ವ್ಯಕ್ತಿಯಿಂದ ಕೊಂಡವರಿಗಂತೂ ಮೇಲಿನ ಹಕ್ಕುಗಳಲ್ಲಿ ಬಹುಪಾಲು ಇಲ್ಲವೇ ಇಲ್ಲ. ವರ್ಣಿಸಿದಂತೆ ಇರಲಿಲ್ಲ, ಮಾರುವ ಹಕ್ಕೇ ಅವರಿಗೆ ಇರಲಿಲ್ಲ ಎಂಬಂಥ ವಾದಗಳಷ್ಟೇ ಉಳಿಯುತ್ತವೆ. ಕೆಲವು ವ್ಯಾಪಾರಿಗಳು ಖಾಸಗಿಯವರಂತೆ ಮನೆಯ ಮುಂದೆ ಕಾರು ನಿಲ್ಲಿಸಿ ಮಾರುವುದು ಇದಕ್ಕಾಗಿಯೇ.

ಲಾಗ್‌ಬುಕ್ಕನ್ನು ನಮ್ಮ ಆರ್‌ಸಿ ಬುಕ್ಕಿನಂತೆ ಒಡೆತನದ ಪತ್ರವೆಂದು ತಿಳಿಯುವವರೂ ಬಹಳ ಮಂದಿ. ಅದರಲ್ಲಿರುವುದು ಕಾರನ್ನು ಇಟ್ಟುಕೊಂಡವರ ಹೆಸರು. ಸಾಲದ ಕಂತು ಬಾಕಿಯಿದ್ದರೆ ಒಡೆಯ ಫೈನಾನ್ಸ್ ಕಂಪನಿಯೇ ಆಗಿರಬಹುದು. ಕೊಳ್ಳುವ ಮುನ್ನ ಹಣ ಕೊಟ್ಟಾದರೂ ಕಾರಿನ ಹಿನ್ನೆಲೆಯ ವರದಿ ತರಿಸಿ, ಸಾಲ ಬಾಕಿಯಿದೆಯೇ ಎಂದು ಪರಿಶೀಲಿಸಿ. ಅಪಘಾತದಲ್ಲಿ ವಿಮೆಯವರು ಕೈಬಿಟ್ಟ ಕಾರೇ ಎಂಬುದೂ ಆ ವರದಿಯಲ್ಲಿಯೇ ಬರುತ್ತದೆ.

ಪ್ರಶ್ನೆ ಕೇಳಿದವರು (ಸ್ಲೌ)

ಮೂರು ವಾರದ ನಂತರ ಬರೆಯುತ್ತಿದ್ದೇನೆ. 75ನೆಯ ಸೆಕ್ಷನ್‌ನ ಸಾಲು, ಗ್ಯಾರೇಜಿನ ವರದಿ, ಪರದೆಯ ಫೋಟೋ ಮೂರನ್ನೂ ಸೇರಿಸಿ ಕಳುಹಿಸಿದ ಮೇಲೆ ನಾಲ್ಕು ದಿನ ಉತ್ತರವಿರಲಿಲ್ಲ. ಐದನೆಯ ದಿನ ಒಂದೇ ಸಾಲಿನ ಇಮೇಲ್ ಬಂದಿತು: ಗುರುವಾರ ಕಾರನ್ನು ಒಯ್ಯಲು ಲಾರಿ ಬರುತ್ತದೆ. 600 ಪೌಂಡಿನ ಮಾತು ಅದರಲ್ಲಿ ಇರಲಿಲ್ಲ.

ಲಾರಿಯವರಿಗೆ ಎರಡೂ ಕೀಲಿ ಕೊಡುವ ಮೊದಲು ಕಾರಿನ ನಾಲ್ಕೂ ಬದಿಯ ಮತ್ತು ಮೈಲಿ ಮೀಟರಿನ ಫೋಟೋ ತೆಗೆದು, ಅವರಿಂದ ಸಹಿ ಪಡೆದುಕೊಂಡೆ. ಕಾರು ವ್ಯಾಪಾರಿಗೆ ಮರಳಿತೆಂದು ಅಂದೇ ಡಿವಿಎಲ್‌ಎಗೆ (ವಾಹನ ನೋಂದಣಿಯ ಸರ್ಕಾರಿ ಸಂಸ್ಥೆ) ತಿಳಿಸಿದ್ದರಿಂದ, ಉಳಿದಿದ್ದ ಪೂರ್ತಿ ತಿಂಗಳುಗಳ ರಸ್ತೆ ತೆರಿಗೆ ತಾನಾಗಿಯೇ ಹಿಂದಕ್ಕೆ ಬರುತ್ತದೆ. ವಿಮೆಯವರು ಮಾತ್ರ ರದ್ದತಿಯ ಶುಲ್ಕವೆಂದು 55 ಪೌಂಡ್ ಹಿಡಿದುಕೊಂಡರು. 500 ಪೌಂಡ್ ಕಾರ್ಡಿಗೂ, 7,495 ಪೌಂಡ್ ಬ್ಯಾಂಕಿಗೂ ಹನ್ನೊಂದನೆಯ ದಿನ ಬಂದವು.

ಮಗಳ ಶಾಲೆಗೆ ಸದ್ಯ ಬಸ್ಸೇ ಗತಿ. ಡರ್ಬಿಯವರೇ, ಪೆಟ್ರೋಲ್ ಕಾರೊಂದನ್ನು ಲೂಟನ್‌ನಲ್ಲಿ ನೋಡಿಟ್ಟಿದ್ದೇನೆ. ಅದರ ಎಂಒಟಿ ಚರಿತ್ರೆಯಲ್ಲಿ ಎರಡು ವರ್ಷ ಸತತವಾಗಿ ಎಣ್ಣೆ ಸೋರಿಕೆಯ ಎಚ್ಚರಿಕೆ ಇದ್ದು, ಈ ವರ್ಷ ಇಲ್ಲ. ಅದು ಸರಿಮಾಡಿಸಿದ್ದರ ಗುರುತೋ, ಒರೆಸಿ ತಂದಿದ್ದರ ಗುರುತೋ ಎಂದು ಹೇಗೆ ತಿಳಿಯುವುದು?

ಉತ್ತರ 6 (ಡರ್ಬಿ)

ರಿಪೇರಿಯ ಬಿಲ್ಲು ಕೇಳಿ. ಬಿಲ್ಲು ಇಲ್ಲವೆಂದರೆ ಕಾರನ್ನು ಮೇಲೆತ್ತಿ ಅಡಿಭಾಗ ತೋರಿಸಲು ಹೇಳಿ. ಇಷ್ಟು ವಯಸ್ಸಾದ ಎಂಜಿನ್ನಿನ ಕೆಳಗೆ ಒಂದಿಷ್ಟು ಧೂಳು, ಜಿಡ್ಡು ಇರುವುದೇ ಸಹಜ. ಅದು ತೊಳೆದಿಟ್ಟ ಪಾತ್ರೆಯ ಹಾಗೆ ಹೊಳೆಯುತ್ತಿದ್ದರೆ ಮುಂಗಡ ಕೊಡಬೇಡಿ.